ನಾಲ್ಕನೇ ಪೀಪಾಯಿ

ಏನೋ ಮಾಡಲು ಹೋಗಿ ಎಡವಟ್ಟು ಮಾಡಿಕೊಂಡವರು ಎಲ್ಲ ಊರಲ್ಲೂ ಇರುತ್ತಾರೆ. ಏನೂ ಮಾಡದೆ ಇರುವುದನ್ನೇ ಕೆಲಸವಾಗಿ ವಹಿಸಿಕೊಂಡು, ಆರು ವರ್ಷ ಹಲ್ಲುಕಚ್ಚಿ ಅದನ್ನು ನಿಭಾಯಿಸಿ, ಇನ್ನೇನು ನಾಲ್ಕು ವಾರ ಅನ್ನುವಾಗ ಕೆಡಿಸಿಕೊಂಡವಳು ಮಾತ್ರ ನಮ್ಮ ಮೊಂಬ್ರೆಯಲ್ಲಿ ಒಬ್ಬಳೇ. ಅವಳು ಸೊಲಾಂಜ್ ಬೂವ್ರೆ. ಅವಳ ಬಗ್ಗೆ ಊರಲ್ಲಿ ನಾಲ್ಕು ಬಗೆಯ ಕಥೆಗಳು ಓಡಾಡುತ್ತವೆ, ನಾಲ್ಕೂ ಬೊಗಳೆ. ನಡೆದದ್ದು ಇಷ್ಟು.

ಸೊಲಾಂಜ್ ಹುಟ್ಟಿದ್ದು ಬಯಲಿನ ಆಚೆ, ಬರ್ಗಂಡಿಯಲ್ಲಿ. ಬಸ್ಸಿನಲ್ಲಿ ಕೂತರೆ ಅರ್ಧ ದಿನದ ದಾರಿ, ಅಷ್ಟೇ. ಆದರೆ ಜುರಾ ಬೆಟ್ಟದ ಬುಡದ ನಮ್ಮ ಜನಕ್ಕೆ ಬಯಲು ದಾಟಿ ಬಂದವರೆಲ್ಲ ಪರದೇಶದವರೇ. ಅವಳಪ್ಪ ಅಲ್ಲಿನ ಒಂದು ದೊಡ್ಡ ಮನೆತನದ ನೆಲಮಾಳಿಗೆಯಲ್ಲಿ ನಲವತ್ತು ವರ್ಷ ಆಳಾಗಿ ದುಡಿದವನು. ಪ್ರತಿ ಶನಿವಾರ ಬೆಳಿಗ್ಗೆ ಮಗಳನ್ನು ಜೊತೆಗೆ ಕರೆದುಕೊಂಡು ಪೀಪಾಯಿಗಳಿಗೆ ವೈನ್ ತುಂಬಲು ಇಳಿಯುತ್ತಿದ್ದ. ಪೀಪಾಯಿಯ ಮರ ವಾರವಿಡೀ ಒಂದಿಷ್ಟು ಕುಡಿದುಬಿಡುತ್ತದೆ, ಒಳಗೆ ಮೇಲೊಂದು ಬೆರಳಿನಷ್ಟು ಖಾಲಿಯಾಗುತ್ತದೆ. ಆ ಜಾಗಕ್ಕೆ ಗಾಳಿ ಹೊಕ್ಕರೆ ವೈನ್ ಕೆಟ್ಟಿತು. ಅದಕ್ಕೇ ಬಿರಡೆ ತೆಗೆದು, ಉದ್ದ ಮೂತಿಯ ಕ್ಯಾನಿನಿಂದ ಕಂಠದವರೆಗೆ ತುಂಬಿ, ಮತ್ತೆ ಬಿರಡೆ ಬಡಿಯಬೇಕು. ಐದನೇ ವರ್ಷಕ್ಕೆ ಸೊಲಾಂಜ್ ದೀಪ ಹಿಡಿದಳು, ಹತ್ತನೇ ವರ್ಷಕ್ಕೆ ಕ್ಯಾನ್ ಹಿಡಿದಳು. ಅಪ್ಪ ಮಾತು ಕಮ್ಮಿಯ ಆಸಾಮಿ. ಶನಿವಾರದ ಆ ಎರಡು ಗಂಟೆ ಬಿಟ್ಟರೆ ಅವನು ಮಗಳ ಜೊತೆ ಕೂತು ಮಾತಾಡಿದ್ದು ಅಷ್ಟಕ್ಕಷ್ಟೆ.

ಅಂಥವಳು ಸಾವಿರದ ಒಂಬೈನೂರ ಎಪ್ಪತ್ತರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಎಮಿಲ್ ಬೂವ್ರೆಯನ್ನು ಮದುವೆಯಾಗಿ ನಮ್ಮೂರಿಗೆ ಬಂದಳು. ಎಮಿಲ್ ತೋಟದ ಮನುಷ್ಯ. ನೆಲಮಾಳಿಗೆಯ ತಂಪಿಗೆ ಇಳಿದರೆ ಅವನಿಗೆ ಕೆಮ್ಮು ಹತ್ತುತ್ತಿತ್ತು. ಮಾಳಿಗೆಯ ಯಜಮಾನಿಕೆಯೆಲ್ಲ ಅವನ ತಾಯಿ ಜೆರ್ಮೇನ್‌ದು. ಗಂಡ ಸತ್ತ ದಿನದಿಂದ ಬೀಗದಕೈಯನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಂಗಸು ಅವಳು. ನಾಲಿಗೆಯಂತೂ ಕೇಳಲೇಬೇಡಿ. ಒಮ್ಮೆ ಪ್ಯಾರಿಸ್ಸಿನಿಂದ ಬಂದ ದೊಡ್ಡ ಮನುಷ್ಯನೊಬ್ಬ ಹಳದಿ ವೈನಿಗೆ ಐಸ್ ಕೇಳಿದ ಅಂತ ಅವನ ಮುಂದಿನ ಲೋಟವನ್ನು ಎತ್ತಿಕೊಂಡು ಹೋಗಿ, ನೀರು ತಂದಿಟ್ಟವಳು.

ಹಳದಿ ವೈನ್ ನಮ್ಮೂರಿನ ಪ್ರಾಣ. ಸಾವಾನ್ಯಾ ಅನ್ನುವ ದ್ರಾಕ್ಷಿಯದು. ಅದನ್ನು ಮಾಡುವ ಕ್ರಮ ಬರ್ಗಂಡಿಗೆ ಪೂರ್ತಿ ತಿರುಗುಮುರುಗು. ಪೀಪಾಯಿಗೆ ಹಾಕಿ ಬಿಟ್ಟರೆ ಮುಗಿಯಿತು, ಮತ್ತೆ ತುಂಬುವ ಹಾಗಿಲ್ಲ. ಮರ ಕುಡಿದಷ್ಟು ಕುಡಿಯಲಿ, ಖಾಲಿಯಾದಷ್ಟು ಆಗಲಿ. ಆ ಖಾಲಿ ಜಾಗದಲ್ಲಿ, ವೈನಿನ ಮೇಲೆ, ಹಾಲಿನ ಕೆನೆಯ ಹಾಗೆ ಬೂದುಬಣ್ಣದ ತೆಳು ಪೊರೆ ತಾನಾಗಿ ಕಟ್ಟುತ್ತದೆ. ಆ ಪೊರೆಯ ಕೆಳಗೆ ಆರು ವರ್ಷ ಕಳೆದರೆ ಆಕ್ರೋಟಿನ ಘಮದ ಹಳದಿ ವೈನ್. ನಡುವೆ ಪೊರೆ ಹರಿದರೆ ಏನಾಗುತ್ತದೆಂದು ಹೇಳಲು ಬರುವುದಿಲ್ಲ, ಬಹಳಷ್ಟು ಸಲ ಹುಳಿ ನೀರು. ಯಾಕೆ ಹಾಗೆ ಅಂತ ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಮುಟ್ಟಬಾರದು ಅನ್ನುವುದು ಮಾತ್ರ ಗೊತ್ತು.

ಮದುವೆಯಾದ ವಾರವೇ ಜೆರ್ಮೇನ್ ಸೊಸೆಯನ್ನು ಮಾಳಿಗೆಗೆ ಇಳಿಸಿಕೊಂಡು ಹೋದಳು. ಜೊತೆಗೆ ಅತ್ತೆಯ ತಂಗಿಯ ಮಗ ರೆಜಿಸ್. ತಾಯಿಯಿಲ್ಲದ ಹುಡುಗನೆಂದು ಅದೇ ಮನೆಯಲ್ಲಿ ಬೆಳೆದವನು, ಕೆಲಸದಲ್ಲಿ ಚುರುಕು, ಮಾಳಿಗೆ ತನಗೇ ಬರುತ್ತದೆ ಅಂತ ನಂಬಿದ್ದವನು. ಎಡಗಡೆ ಸಾಲಿನಲ್ಲಿ ಶಾರ್ಡೊನೆ ಅನ್ನುವ ಬೇರೆ ದ್ರಾಕ್ಷಿಯ ಬಿಳಿ ವೈನಿನ ಪೀಪಾಯಿಗಳು, ಅವನ್ನು ಬರ್ಗಂಡಿಯ ಹಾಗೇ ವಾರವಾರ ತುಂಬುತ್ತಿದ್ದರು. ಬಲಗಡೆ ಸಾಲು ಸಾವಾನ್ಯಾ, ಆ ಸುಗ್ಗಿಯ ಹೊಸದು. ಜೆರ್ಮೇನ್ ಬಲಗಡೆಯ ನಾಲ್ಕನೇ ಪೀಪಾಯಿಯ ಮೇಲೆ ಸೀಮೆಸುಣ್ಣದಲ್ಲಿ ಸೊಲಾಂಜಳ ಹೆಸರು ಬರೆದಳು. ಇದು ನಿನ್ನ ಮದುವೆಯ ವರ್ಷದ್ದು, ಇದರ ಜವಾಬ್ದಾರಿ ನಿನ್ನದು, ಆರು ವರ್ಷದ ಮೇಲೆ ತೆಗೆದಾಗ ಹಳದಿ ವೈನ್ ಆಗಿದ್ದರೆ ಮಾಳಿಗೆಯ ಬೀಗದಕೈ ನಿನಗೆ, ಇಲ್ಲವಾದರೆ ರೆಜಿಸ್‌ಗೆ ಅಂತ ಇಬ್ಬರ ಮುಂದೆಯೂ ಹೇಳಿದಳು.

“ನಾನೇನು ಮಾಡ್ಬೇಕು ಅತ್ತೆ?” ಅಂದಳು ಸೊಲಾಂಜ್.

“ಏನೂ ಮಾಡ್ಬೇಡ. ಅದೇ ನಿನ್ನ ಕೆಲಸ.”

ಕೇಳಲಿಕ್ಕೆ ಸುಲಭ. ಕೈಯನ್ನು ಕಟ್ಟಿಹಾಕುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ಮೊದಲ ಬೇಸಿಗೆಯಲ್ಲಿ ನಾಲ್ಕನೆಯದರ ಪಕ್ಕ ನಿಂತು ಅವಳು ಬೆವತುಬಿಡುತ್ತಿದ್ದಳು. ಅರ್ಧ ಗೇಣು ಖಾಲಿಯಾಗಿರಬೇಕು, ಈಗ ಒಂದು ಗೇಣು ಆಗಿರಬೇಕು, ಒಳಗೆ ಅದು ಸಾಯುತ್ತಿರಬೇಕು ಅಂತ ಅವಳಿಗೆ ಅನಿಸುತ್ತಿತ್ತು. ಅಪ್ಪನ ಮಾಳಿಗೆಯಲ್ಲಿ ಹೀಗೆ ಬಿಟ್ಟಿದ್ದರೆ ಮನೆಯಿಂದ ಆಚೆ ಹಾಕುತ್ತಿದ್ದರು. ಎಡಗಡೆಯ ಶಾರ್ಡೊನೆ ತುಂಬುವ ಕೆಲಸವನ್ನು ಅವಳು ಕೇಳಿ ವಹಿಸಿಕೊಂಡಳು, ಕೈಗೆ ಅಷ್ಟಾದರೂ ಸಮಾಧಾನ ಸಿಗಲಿ ಅಂತ. ಶನಿವಾರ ಶನಿವಾರ ಎಡಗಡೆ ಸಾಲು ಮುಗಿಸಿ, ಬಲಗಡೆಗೆ ಕಣ್ಣು ಕೂಡ ಹಾಯಿಸದೆ ಮೆಟ್ಟಿಲು ಹತ್ತಿಬಿಡುತ್ತಿದ್ದಳು.

ರೆಜಿಸ್‌ಗೆ ಇದೆಲ್ಲ ತಮಾಷೆ. ಊಟದ ಮೇಜಿನಲ್ಲಿ ಎಲ್ಲರ ಎದುರೇ ಕೆಣಕುತ್ತಿದ್ದ. “ಏನು ಬರ್ಗಂಡಿ ಅತ್ತಿಗೆ, ಕೈ ತುರಿಸ್ತಿದೆಯಾ? ನೀವು ಸುರೀದಿದ್ರೆ ನಾನೇ ಒಂದಿನ ಸುರಿದುಬಿಡ್ತೀನಿ ನೋಡಿ, ಇಬ್ಬರಿಗೂ ನೆಮ್ಮದಿ.” ಎಮಿಲ್ ನಗುತ್ತಿದ್ದ. ಜೆರ್ಮೇನ್ ನಗುತ್ತಿರಲಿಲ್ಲ.

ಆ ಆರು ವರ್ಷದಲ್ಲಿ ಸೊಲಾಂಜ್ ಉಳಿದದ್ದೆಲ್ಲ ಕಲಿತಳು. ಪೂಲ್ಸಾರ್ ದ್ರಾಕ್ಷಿಯ ಸಿಪ್ಪೆ ಎಷ್ಟು ತೆಳುವೆಂದರೆ ಅದರ ಕೆಂಪು ವೈನ್ ಹೆಸರಿಗಷ್ಟೇ ಕೆಂಪು, ಹೊಗೆ ಹಾಕಿದ ಹಂದಿ ಸಾಸೇಜಿನ ಜೊತೆ ಅದು. ಟ್ರೂಸೋ ಗಟ್ಟಿ ಜಾತಿಯ ಕೆಂಪು ದ್ರಾಕ್ಷಿ, ಬೇಟೆಯ ಮಾಂಸಕ್ಕೆ ಅದೇ ಸರಿ. ಹೊಳೆಯ ಮೀನಿಗೆ ಶಾರ್ಡೊನೆ. ಹಳದಿ ವೈನಿಗೆ ಎರಡು ವರ್ಷ ಹಳತಾದ ಕೊಂತೆ ಚೀಸು, ಒಂದು ಹಿಡಿ ಆಕ್ರೋಟು, ಇಲ್ಲವೆಂದರೆ ಅದೇ ವೈನ್ ಹಾಕಿ, ಮೊರೆಲ್ ಅಣಬೆ ಹಾಕಿ, ಕೆನೆಯಲ್ಲಿ ಬೇಯಿಸಿದ ಕೋಳಿ. ಇದನ್ನು ತಪ್ಪಿ ಬಡಿಸಿದರೆ ಜೆರ್ಮೇನ್ ಬಾಯಿಗೆ ಬಂದಂತೆ ಬೈಯುತ್ತಿದ್ದಳು, ಅತಿಥಿಯ ಮುಂದೆಯೇ. ಸೊಲಾಂಜ್ ತಪ್ಪುವುದನ್ನು ನಿಲ್ಲಿಸಿದಳು. ಅವಳಿಗೆ ಆ ಬೀಗದಕೈ ಬೇಕಿತ್ತು. ಹಟಕ್ಕಲ್ಲ. ಆ ಮನೆಯಲ್ಲಿ, ಆ ಊರಿನಲ್ಲಿ, ಪರದೇಶದವಳು ಅನ್ನುವ ಹೆಸರು ಅಳಿಸಿಹೋಗಲು ಅವಳಿಗಿದ್ದದ್ದು ಅದೊಂದೇ ದಾರಿ.

ಎಪ್ಪತ್ತಾರರ ನವೆಂಬರ್ ಬಂತು. ಪೀಪಾಯಿ ತೆಗೆಯಲು ಡಿಸೆಂಬರ್ ನಡುವಿನ ದಿನ ಗೊತ್ತಾಗಿತ್ತು. ಒಂದು ಶನಿವಾರ ಬೆಳಿಗ್ಗೆ, ಸೊಲಾಂಜ್ ಒಬ್ಬಳೇ ಎಡಗಡೆ ಸಾಲಿಗೆ ಶಾರ್ಡೊನೆ ತುಂಬುತ್ತಿದ್ದಳು. ಮೇಲೆ ಅಡುಗೆಮನೆಯಲ್ಲಿ ಜೆರ್ಮೇನ್ ಲಿಯಾನಿನಿಂದ ಬರುವ ಹೋಟೆಲಿನವರಿಗೆ ಅಂತ ಕೋಳಿ ಬೇಯಲು ಇಟ್ಟಿದ್ದಳು. ಫೋನ್ ಬಡಿದದ್ದು ಕೆಳಗೂ ಕೇಳಿತು. ಸ್ವಲ್ಪ ಹೊತ್ತಿಗೆ ಜೆರ್ಮೇನ್ ಮೆಟ್ಟಿಲಿನ ತಲೆಯಲ್ಲಿ ಬಂದು ನಿಂತಳು, ಕೈಯಲ್ಲಿ ಸೌಟು.

“ಸೊಲಾಂಜ್, ನಿಮ್ಮೂರಿಂದ ಫೋನು. ನಿಮ್ಮಪ್ಪ ಬೆಳಿಗ್ಗೆ ತೀರಿಕೊಂಡ್ರಂತೆ. ಸೋಮವಾರ ಮಣ್ಣು.” ಆಮೇಲೆ, ಒಲೆ ಮೇಲೆ ಕೋಳಿ ಇದೆ ಅಂತ ಹೇಳಿ ಹೋದಳು.

ಸೊಲಾಂಜ್ ಅಳಲಿಲ್ಲ. ಕ್ಯಾನ್ ಕೈಯಲ್ಲೇ ಇತ್ತು. ಕೆಲಸ ಅರ್ಧಕ್ಕೆ ನಿಂತಿತ್ತು. ಮುಂದಿನ ಪೀಪಾಯಿ, ಬಿರಡೆ, ಸುರಿ, ಬಡಿ. ಮತ್ತೆ ಮುಂದಿನದು. ಶನಿವಾರ, ದೀಪ, ಒದ್ದೆ ಮರದ ವಾಸನೆ. ಸಾಲು ಮುಗಿಯಿತು, ಮೂಲೆಯಲ್ಲಿದ್ದ ಶಾರ್ಡೊನೆಯ ಸಣ್ಣ ಪೀಪದಿಂದ ಕ್ಯಾನ್ ಮತ್ತೆ ತುಂಬಿಕೊಂಡಳು, ತಿರುಗಿದಳು. ಅಪ್ಪನ ಮಾಳಿಗೆಯಲ್ಲಿ ಒಂದು ಸಾಲು ಮುಗಿದರೆ ಎದುರಿನ ಸಾಲು. ಅವಳ ಕಾಲು ಅದನ್ನೇ ಮಾಡಿತು. ಎದುರಿಗೆ ತನ್ನದೇ ಹೆಸರು ಬರೆದ ಪೀಪಾಯಿ ಕಂಡಿತು, ಬಿರಡೆ ತೆಗೆದು ಸುರಿದಳು.

ತುಂಬಿದ ಪೀಪಾಯಿ ವಾರಕ್ಕೆ ಹೆಚ್ಚೆಂದರೆ ಒಂದು ಲೋಟ ಕುಡಿಯುತ್ತದೆ. ಇದು ಹತ್ತು ಲೀಟರಿನ ಕ್ಯಾನನ್ನೇ ಕುಡಿದುಬಿಟ್ಟಿತು. ಇನ್ನೂ ತುಂಬಲಿಲ್ಲ. ಎಷ್ಟು ಬಾಯಾರಿದೆ ಪಾಪ ಅಂದುಕೊಂಡಳು, ನಿಜವಾಗಿ ಹಾಗೇ ಅಂದುಕೊಂಡಳು. ಹೋಗಿ ಇನ್ನೊಂದು ಕ್ಯಾನ್ ತಂದಳು. ಅದೂ ಅರ್ಧ ಇಳಿಯಿತು. ಆಗ ಅವಳ ಕೈ ನಿಂತಿತು. ಯಾಕೆ ತುಂಬುತ್ತಿಲ್ಲ ಅನ್ನುವುದು ಹೊಳೆಯಿತು.

ದೀಪವನ್ನು ತೂತಿನ ಹತ್ತಿರ ಹಿಡಿದು ಬಗ್ಗಿ ನೋಡಿದಳು. ಪೊರೆ ಚಿಂದಿಚಿಂದಿಯಾಗಿ, ಬೂದು ತುಂಡುಗಳು ಒಂದೊಂದಾಗಿ ಮುಳುಗುತ್ತಿದ್ದವು. ಆರು ವರ್ಷ. ಹದಿನೈದು ಲೀಟರ್ ಶಾರ್ಡೊನೆ. ಹಳದಿ ವೈನಿಗೆ ಬೇರೆ ದ್ರಾಕ್ಷಿಯ ಒಂದು ತೊಟ್ಟು ಸೇರಿದರೂ ಅದು ಆ ಹೆಸರಿಗೆ ಸಲ್ಲದು. ಪೀಪಾಯಿಗೆ ಹಣೆಯಿಟ್ಟು ನಿಂತಳು. ಆಮೇಲೆ ಮಾಡಿದ್ದು ಅವಳಿಗೇ ಹೇಸಿಗೆ ತರಿಸಿತು. ಬಿರಡೆ ಹಾಕಿದಳು, ಚೆಲ್ಲಿದ್ದನ್ನು ತನ್ನ ಏಪ್ರನ್ನಿನಿಂದಲೇ ಒರೆಸಿದಳು, ಕ್ಯಾನ್ ತೊಳೆದು ಮೊಳೆಗೆ ತೂಗುಹಾಕಿದಳು, ಮೇಲೆ ಹೋಗಿ ಅತಿಥಿಗಳಿಗೆ ಕೋಳಿ ಬಡಿಸಿದಳು. ಅಪ್ಪ ಸತ್ತ ದಿನ ತನಗೆ ಅಪ್ಪನ ಯೋಚನೆಯೇ ಬರಲಿಲ್ಲ, ಪೀಪಾಯಿಯದೇ ಬಂತು ಅನ್ನುವುದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮಣ್ಣಿಗೆ ಹೋಗಿ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಜೆರ್ಮೇನ್ ಹತ್ತಿರ ಬೀಗದಕೈ ಪಡೆದು ಮಾಳಿಗೆ ನೋಡಿಕೊಂಡವನು ರೆಜಿಸ್. ಅಲ್ಲಿ ಗೋರಿಯ ಬಳಿ ಅಪ್ಪನ ಜೊತೆಯ ಆಳುಗಳು ಬಂದು ಅವಳ ಕೈ ಹಿಡಿದರು. ಕ್ಯಾನ್ ಹಿಡಿಯುತ್ತಿದ್ದ ಮಗು ಇವಳೇ ಅಲ್ಲವೇ ಅಂತ ಒಬ್ಬ ಕೇಳಿದ. ಅವಳಿಗೆ ಅಲ್ಲೂ ಅಳು ಬರಲಿಲ್ಲ. ಪೀಪಾಯಿಯ ಮಾತೊಂದು ಒಳಗೇ ಉಳಿದಿತ್ತು, ಅದು ಹೊರಬೀಳದೆ ಬೇರೆ ಏನೂ ಹೊರಬೀಳುವ ಹಾಗಿರಲಿಲ್ಲ.

ಹೇಳಬೇಕು ಅಂತ ದಿನಾ ಬೆಳಿಗ್ಗೆ ತೀರ್ಮಾನಿಸುತ್ತಿದ್ದಳು. ದಿನಾ ಸಂಜೆಯೊಳಗೆ ಧೈರ್ಯ ಸೋರಿಹೋಗುತ್ತಿತ್ತು. ಎಮಿಲ್ ಏನಾಯಿತು ಅಂತ ಕೇಳಿದರೆ ಅಪ್ಪನ ನೆನಪು ಅನ್ನುತ್ತಿದ್ದಳು, ಅದೂ ಸುಳ್ಳೇ. ಜೆರ್ಮೇನ್ ಏನೂ ಕೇಳಲಿಲ್ಲ. ಹಾಗೆ ಮೂರು ವಾರ ಕಳೆಯಿತು.

ಪೀಪಾಯಿ ತೆಗೆಯುವ ಮುಂಚಿನ ವಾರ ಜೆರ್ಮೇನ್ ಸಾಲನ್ನು ಬಡಿದು ನೋಡುವ ಪದ್ಧತಿ. ಬಿರಡೆ ಮುಟ್ಟುವಂತಿಲ್ಲವಲ್ಲ. ಬೆರಳಿನ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ಬಡಿಯುತ್ತ ಬಂದರೆ ಖಾಲಿ ಇರುವಷ್ಟು ದೂರ ಸದ್ದು ಟೊಳ್ಳು, ವೈನ್ ಇರುವಲ್ಲಿ ಸದ್ದು ಗಟ್ಟಿ. ಒಂದೇ ಸುಗ್ಗಿಯ ಪೀಪಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿದಿರುತ್ತವೆ. ಸೊಲಾಂಜ್ ದೀಪ ಹಿಡಿದಿದ್ದಳು, ರೆಜಿಸ್ ಪಕ್ಕದಲ್ಲಿದ್ದ, ಎಮಿಲ್ ಮೆಟ್ಟಿಲ ಮೇಲೆ ಕೆಮ್ಮುತ್ತ ಕೂತಿದ್ದ.

ಜೆರ್ಮೇನ್ ಮೊದಲನೆಯದನ್ನು ಬಡಿದಳು, ತಲೆಯಾಡಿಸಿದಳು. ಎರಡನೆಯದು. ಈಗ ಹೇಳು, ಈಗಲೇ ಹೇಳು ಅಂತ ಸೊಲಾಂಜ್ ತನಗೆ ತಾನೇ ಅಂದುಕೊಂಡಳು, ಆದರೆ ದೀಪವನ್ನಷ್ಟೇ ಮುಂದಕ್ಕೆ ಹಿಡಿದಳು. ಮೂರನೆಯದು, ಅದೂ ಸರಿ. ಜೆರ್ಮೇನ್ ನಾಲ್ಕನೆಯದರ ಮುಂದೆ ನಿಂತು, ಸೀಮೆಸುಣ್ಣದ ಹೆಸರನ್ನು ಒಮ್ಮೆ ನೋಡಿ, ಗೆಣ್ಣು ಇಟ್ಟಳು. ಟೊಳ್ಳು, ಟೊಳ್ಳು, ಗಟ್ಟಿ. ಕೈ ನಿಂತಿತು. ಮತ್ತೆ ಮೇಲಿಂದ ಬಡಿದಳು. ಮತ್ತೆ ಅಷ್ಟಕ್ಕೇ ಗಟ್ಟಿ, ಉಳಿದವಕ್ಕಿಂತ ಮೂರು ಬೆರಳು ಮೇಲೆಯೇ. ಐದನೆಯದಕ್ಕೆ ಹೋಗಿ ಬಡಿದು, ನಾಲ್ಕಕ್ಕೆ ವಾಪಸು ಬಂದಳು. ಆಮೇಲೆ ರೆಜಿಸ್ ಕಡೆ ತಿರುಗಿದಳು.

“ಸುರಿದುಬಿಡ್ತೀನಿ ಅಂದಿದ್ಯಲ್ಲ. ಸುರಿದ್ಯಾ?”

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಳಿಚಿಕೊಂಡಿತು. ಇಲ್ಲ ದೊಡ್ಡಮ್ಮ, ತಮಾಷೆಗೆ ಅಂದದ್ದು, ಅಮ್ಮನ ಆಣೆಗೂ ನಾನಲ್ಲ ಅಂದ. ಅವಳು ಕೇಳಲಿಲ್ಲ. ಮೂರು ದಿನ ಬೀಗದಕೈ ಯಾರ ಹತ್ತಿರ ಇತ್ತು, ತಂದೆ ಸತ್ತು ಹೋದವಳ ಬೆನ್ನ ಹಿಂದೆ ಇಂಥ ಕೆಲಸ ಮಾಡಲು ನಾಚಿಕೆಯಾಗಲಿಲ್ಲವೇ, ತಂಗಿಯ ಮಗನೆಂದು ಅನ್ನ ಹಾಕಿದ್ದಕ್ಕೆ ಇದೇನಾ ಅಂತ ಒಂದೇ ಸಮನೆ ಅಂದಳು. ದನಿ ಏರಿಸಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. ಗಂಟುಮೂಟೆ ಕಟ್ಟಿಕೊಂಡು ನಾಳೆಯೇ ಮನೆಯಿಂದ ಹೊರಡು ಅಂದಳು. ರೆಜಿಸ್ ಎಮಿಲ್‌ನ ಮುಖ ನೋಡಿದ, ಎಮಿಲ್ ನೆಲ ನೋಡಿದ.

ಆಮೇಲೆ ಜೆರ್ಮೇನ್ ಸೊಂಟದಿಂದ ಬೀಗದಕೈ ಬಿಚ್ಚಿ ಸೊಲಾಂಜಳ ಅಂಗೈಯಲ್ಲಿಟ್ಟಳು. “ನಿನ್ನದೇನೂ ತಪ್ಪಿಲ್ಲ. ಆರು ವರ್ಷ ನೋಡಿದೀನಿ, ನೀನು ಕೈ ಹಚ್ಚಿಲ್ಲ. ತಗೋ.”

ತಣ್ಣಗಿನ ಕಬ್ಬಿಣ, ಅಂದುಕೊಂಡದ್ದಕ್ಕಿಂತ ಭಾರ. ಬಾಯಿ ಮುಚ್ಚಿಕೊಂಡಿದ್ದರೆ ಅದು ಅವಳದು. ಬರ್ಗಂಡಿಯವಳು ಅನ್ನುವ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆರು ವರ್ಷ ಕೆಣಕಿದವನು ಬೀದಿಗೆ ಬೀಳುತ್ತಿದ್ದ, ಬೀಳಲಿ ಬಿಡು ಅಂತಲೂ ಅವಳಿಗೆ ಒಂದು ಗಳಿಗೆ ಅನಿಸಿತು. ಸುಳ್ಳು ಹೇಳುವುದೇನು ಬಂತು, ಏನೂ ಹೇಳಬೇಕಾಗಿಯೇ ಇರಲಿಲ್ಲ. ಏನೂ ಮಾಡದೆ ಇರುವುದನ್ನು ಅವಳು ಚೆನ್ನಾಗಿ ಕಲಿತಿದ್ದಳಲ್ಲ.

“ಅವನಲ್ಲ ಅತ್ತೆ,” ಅಂದಳು. “ನಾನು.”

ಏನು ಸುರಿದೆ ಅಂತ ಜೆರ್ಮೇನ್ ಕೇಳಿದಳು. ಶಾರ್ಡೊನೆ. ಎಷ್ಟು. ಒಂದೂವರೆ ಕ್ಯಾನು. ಯಾವತ್ತು. ಅಪ್ಪ ಹೋದ ಶನಿವಾರ, ಎಡಗಡೆ ಮುಗಿಸಿ ಎದುರಿನ ಸಾಲಿಗೆ ತಿರುಗಿಬಿಟ್ಟೆ, ಅವರ ಮಾಳಿಗೇಲಿ ಹಾಗೇ ಮಾಡ್ತಿದ್ವಿ ಅಂದಳು ಸೊಲಾಂಜ್. ಬೇರೆ ಸಬೂಬು ಹೇಳಲಿಲ್ಲ. ಬೀಗದಕೈ ಚಾಚಿದಳು.

ಜೆರ್ಮೇನ್ ಅದನ್ನು ತೆಗೆದುಕೊಂಡು ರೆಜಿಸ್‌ಗೆ ಕೊಟ್ಟಳು. ಆಡಿದ ಮಾತು ಆಡಿದ ಹಾಗೆ. ಅವನ ಹತ್ತಿರ ಕ್ಷಮೆ ಕೇಳಲಿಲ್ಲ, ಅದು ಅವಳ ಜಾಯಮಾನದಲ್ಲೇ ಇರಲಿಲ್ಲ. ಏಪ್ರನ್ನಿನ ತುದಿಯಿಂದ ನಾಲ್ಕನೇ ಪೀಪಾಯಿಯ ಮೇಲಿನ ಹೆಸರು ಒರೆಸಿ ಮೆಟ್ಟಿಲು ಹತ್ತಿಹೋದಳು. ರೆಜಿಸ್ ಬೀಗದಕೈಯನ್ನು ಸುಡುವ ಪಾತ್ರೆಯ ಹಾಗೆ ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದ. ಆಮೇಲೆ ಸೊಲಾಂಜಳ ಕೈಯಿಂದ ದೀಪ ಇಸಿದುಕೊಂಡು ದಾರಿ ತೋರಿಸಿದ. ಅವತ್ತಿನಿಂದ ಬರೀ ಅತ್ತಿಗೆ ಅಂದನೇ ಹೊರತು ಬರ್ಗಂಡಿ ಅಂತ ಅವನ ಬಾಯಲ್ಲಿ ಬರಲಿಲ್ಲ.

ಮುಂದಿನ ವಾರ ಉಳಿದ ಪೀಪಾಯಿಗಳು ತೆರೆದವು, ಗಿಡ್ಡ ಸೀಸೆಗಳಿಗೆ ಇಳಿದವು. ನಾಲ್ಕನೆಯದನ್ನು ಯಾರೂ ಮುಟ್ಟಲಿಲ್ಲ.

ಅದರ ಮಾರನೇ ಶನಿವಾರ ಸೊಲಾಂಜ್ ಎಂದಿನಂತೆ ಕ್ಯಾನ್ ಹಿಡಿದು ಇಳಿದಳು. ಎಡಗಡೆ ಸಾಲಿಗೆ ತುಂಬಲು ಯಾರಾದರೂ ಬೇಕಲ್ಲ. ಮೊದಲ ಬಿರಡೆ ತೆಗೆಯುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಜೆರ್ಮೇನ್ ಒಂದು ಸ್ಟೂಲು ಹಿಡಿದುಕೊಂಡು ಇಳಿದು ಬಂದು, ಎರಡು ಸಾಲುಗಳ ನಡುವೆ ಹಾಕಿಕೊಂಡು ಕೂತಳು. ಸೊಲಾಂಜ್ ಎರಡು ಪೀಪಾಯಿ ತುಂಬಿದಳು, ಮೂರು ತುಂಬಿದಳು. ಬೆನ್ನಿನ ಮೇಲೆ ಆ ಕಣ್ಣು. ಎಡಗಡೆ ಸಾಲಿನ ನಾಲ್ಕನೆಯದಕ್ಕೆ ಅವಳ ಸಹನೆ ಮುಗಿಯಿತು. ಐದು ವಾರದಿಂದ ಕಟ್ಟಿಕೊಂಡದ್ದೆಲ್ಲ ಒಮ್ಮೆಗೇ ಮೇಲೆ ಬಂತು.

“ಕಾವಲಿಗೆ ಕೂತಿದೀರಾ ಅತ್ತೆ? ಮತ್ತೆ ಸುರೀತೀನಿ ಅಂತಾನಾ?”

“ಅಲ್ಲ,” ಅಂದಳು ಜೆರ್ಮೇನ್.

ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅಪ್ಪ ಸತ್ತ ಅಂತ ಮೆಟ್ಟಿಲ ಮೇಲಿಂದ ಹೇಳಿ, ಕೋಳಿ ಸೀದುಹೋಗತ್ತೆ ಅಂತ ಮೇಲೆ ಹೋದವಳು ನಾನು. ಕೆಳಗೆ ಇಳಿದು ಬರ್ಲಿಲ್ಲ. ನೀನೊಬ್ಬಳೇ ಇದ್ದೆ.”

ಎದ್ದಳು. ಮೊಳೆಯಿಂದ ದೀಪ ತೆಗೆದು, ಬಿರಡೆಯ ತೂತಿನ ಹತ್ತಿರ ಹಿಡಿದಳು.

“ಹೂಂ. ಸುರಿ.”

ಸೊಲಾಂಜ್ ಸುರಿದಳು. ಒಂದು ಲೋಟದಷ್ಟು ಹಿಡಿಯಿತು, ಕಂಠಕ್ಕೆ ಬಂತು. ಬಿರಡೆ ಬಡಿಯಲು ಕೈ ಎತ್ತಿದವಳಿಗೆ ಅಪ್ಪ ಇಲ್ಲ ಅನ್ನುವುದು ಆಗ ತಟ್ಟಿತು. ಪೀಪಾಯಿಯ ಮೇಲೆ ಬಗ್ಗಿ, ಅವನು ಸತ್ತು ಐದು ವಾರವಾದ ಮೇಲೆ, ಅವಳು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಮುಗಿಸುವ ತನಕ ಜೆರ್ಮೇನ್ ದೀಪ ಹಿಡಿದು ನಿಂತಿದ್ದಳು.